ಬೇಸಿನ್ ಬ್ರಿಡ್ಜಿನಲ್ಲಿ ನಿಂತ ಕಾದಂಬರಿ

ಗೆಳತಿಯರೇ, ಇವತ್ತು ನಮ್ಮ ಮನೆಯವರ ಕಾದಂಬರಿಯನ್ನು ನಾನೇ ತಡೆದು ನಿಲ್ಲಿಸಿಬಿಟ್ಟೆ. ಕಲ್ಲಿದ್ದಲಿನ ಎಂಜಿನ್ನಿನಿಂದ ಡೀಸೆಲ್‌ವರೆಗೆ ಮೇಲ್ ಗಾಡಿ ಓಡಿಸಿದ ಡ್ರೈವರು ಅವರು. ಹಬ್ಬಕ್ಕೂ ಮನೆಯಲ್ಲಿದ್ದವರಲ್ಲ. ರಿಟೈರಾದ ಮೇಲೆ ಮದ್ರಾಸಿನ ಈ ಬಾಡಿಗೆ ಮನೆಯಲ್ಲಿ ಕೂತು ಬರೆಯುತ್ತಿರುವುದು ಮಾತ್ರ ಸಂಸಾರದ ಕಥೆ!

ಬೆಳಿಗ್ಗೆ ಅಡುಗೆಮನೆಗೆ ಬಂದು ಒಂದು ಅಧ್ಯಾಯ ಓದಿದರು. ಅದರಲ್ಲಿ ತಾಯಿ ಸಾಯುತ್ತಾಳೆ. ಮಗ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡುತ್ತಾನೆ. ನಾನು ಹುರುಳಿಕಾಯಿ ಹೆಚ್ಚುತ್ತಲೇ ಇದ್ದೆ.

"ಶಾರದಾ, ನಮ್ಮಮ್ಮ ಕೊನೇಲಿ ಏನಂದ್ರು? ಆ ಮಾತು ಇಲ್ಲಿ ಹಾಕ್ಬೇಕು."

ನಮ್ಮತ್ತೆ ಹೋಗಿ ಎಷ್ಟೋ ವರ್ಷವಾಯಿತು. ಇವರು ಅದನ್ನು ಕೇಳಿದ್ದು ಇವತ್ತೇ.

"ನೀವೆಲ್ಲಿ ಅಂತ ಕೇಳ್ತಾನೇ ಇದ್ರು. ಗಾಡಿ ಬೇಸಿನ್ ಬ್ರಿಡ್ಜಿಗೆ ಬಂದಿದೆ, ಇನ್ನೇನು ಬಂದ್ಬಿಡ್ತಾರೆ ಅಂತ ನಾನು ಸುಳ್ಳು ಹೇಳ್ದೆ. ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ಇದ್ರೂ ಅಲ್ಲಿ ಗಾಡೀನ ಎಷ್ಟೋ ಹೊತ್ತು ನಿಲ್ಲಿಸ್ತಾರೆ ಅಂತ ಅವರಿಗೂ ಗೊತ್ತಿತ್ತಲ್ಲ. ‘ಪಾಪ, ಸಿಗ್ನಲ್ ಸಿಕ್ಕಿಲ್ವೇನೋ’ ಅಂದ್ರು. ಅಷ್ಟೇ."

ಅವರು ಕೈಯಲ್ಲಿದ್ದ ಹಾಳೆ ನೋಡಿಕೊಂಡರು. ಆಮೇಲೆ, "ಇದನ್ನ ಹಾಕಿದ್ರೆ..." ಅಂದರು.

"ಮಗನ್ನ ಅಲ್ಲಿಂದ ಎಬ್ಬಿಸ್ಬೇಕಾಗತ್ತೆ ರೀ."

ಹಾಳೆಗಳನ್ನು ಹಿಡಿದುಕೊಂಡು ಮೇಜಿಗೆ ವಾಪಸು ಹೋದರು. ಬಗ್ಗಿ ನೋಡಿದೆ. ಮಗ ಇದ್ದ ಸಾಲುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಕರೆದೆ. "ಬಂದೆ" ಅಂದರು. ಮತ್ತೆ ಕರೆದೆ. ಬಡಿಸಿದ ಅನ್ನ ತಟ್ಟೆಯಲ್ಲೇ ಆರಿಹೋಯಿತು.

ಪಾಪ, ಸಿಗ್ನಲ್ ಸಿಕ್ಕಿಲ್ಲವೇನೋ.