ಸುಮ್ಮನಿದ್ದಾಗ ನಿಲ್ಲುವ ಯಂತ್ರ

ನಮ್ಮ ಎದುರು ಮನೆಯವರನ್ನು ಬೀದಿಯವರೆಲ್ಲ ಎಕ್ಸ್‌ಚೇಂಜ್ ಅಕ್ಕ ಎಂದೇ ಕರೆಯುವುದು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಲೈನಿನ ಮೌನದಲ್ಲೂ ಬಗೆಬಗೆ ಇದೆ ಎನ್ನುತ್ತಾರೆ. ಆ ಕಡೆಯವರು ಯೋಚನೆ ಮಾಡುತ್ತಿರುವ ಮೌನ ಬೇರೆ, ರಿಸೀವರನ್ನು ಮೇಜಿನ ಮೇಲಿಟ್ಟು ಒಳಗೆ ಹೋದ ಮೌನ ಬೇರೆ, ಲೈನೇ ಸತ್ತುಹೋದ ಮೌನ ಬೇರೆ. ನಿವೃತ್ತಿಗೆ ನಾಲ್ಕು ವರ್ಷವಿರುವಾಗ ಅವರ ಕಣ್ಣಿನ ನರ ಸೋಲತೊಡಗಿತು. ಮೊದಮೊದಲು ಬಾಗಿಲ ಚೌಕಟ್ಟಿಗೆ ಭುಜ ತಗುಲುತ್ತಿತ್ತು. ಕೊನೆಕೊನೆಗೆ ಬಾಗಿಲು ಎಲ್ಲಿದೆ ಎಂಬುದೂ ತಿಳಿಯದಾಯಿತು. ಆದರೂ ನಂಬರುಗಳೆಲ್ಲ ಬಾಯಿಗೆ ಬರುತ್ತಿದ್ದುದರಿಂದ ವಿಚಾರಣೆಯ ಮೇಜಿನಲ್ಲಿ ಕೂತು ಕೊನೆಯ ದಿನದವರೆಗೂ ಕೆಲಸ ಮಾಡಿಯೇ ಹೊರಬಂದರು.

ಆಮೇಲೆ ತಮ್ಮನ ಮನೆಗೆ ಬಂದರು. ತಮ್ಮ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಾವೆಲ್ಲ ಕರೆಯುವುದು ಟೈಲರಮ್ಮ ಎಂದು. ನನ್ನ ರವಿಕೆಗಳೆಲ್ಲ ಅವಳ ಕೈಯಲ್ಲೇ ಆದವು. ಅತ್ತಿಗೆಯ ಮೇಲೆ ಅವಳಿಗೆ ಗೌರವವಿತ್ತು, ಸಲಿಗೆ ಇರಲಿಲ್ಲ. ಅಕ್ಕ ಓದಿದವರು, ಇಂಗ್ಲಿಷಿನಲ್ಲಿ ಫೋನೆತ್ತಿ ಮಾತಾಡಿದವರು. ತಾನು ಏಳನೆಯ ತರಗತಿಗೇ ಶಾಲೆಗೆ ಬೆನ್ನು ಹಾಕಿದವಳು. ಏನು ಮಾತಾಡುವುದು? ಊಟಕ್ಕೆ ಕರೆಯುವುದು, ಔಷಧಿ ನೆನಪಿಸುವುದು, ಅಷ್ಟೇ.

ಅಕ್ಕನಿಗೆ ಮತ್ತೆ ಓದು ಸಿಕ್ಕಿದ್ದು ಅಂಧ ಮಕ್ಕಳ ಶಾಲೆಯ ಮೇಷ್ಟರಿಂದ. ಅವರು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಹಾಕಿ, ತೆರೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕೂಡಿಸಿ ತಂದುಕೊಟ್ಟರು. ಅದನ್ನು ಮಾಡಿದವರು ಯಾರು ಎಂದು ಅಕ್ಕ ಕೇಳಿದ್ದಕ್ಕೆ, ಯಾರ್ಯಾರೋ ಎಲ್ಲೆಲ್ಲೋ ಕೂತು ಬಿಡುವಿನಲ್ಲಿ ಬರೆದದ್ದು, ಬೇಕಾದವರು ತೆಗೆದುಕೊಳ್ಳಬಹುದು, ತಿದ್ದಲೂಬಹುದು ಎಂದರಂತೆ. ಆರು ವರ್ಷದ ನಂತರ ಅಕ್ಕ ಅಂದು ದಿನಪತ್ರಿಕೆಯನ್ನು ಮೊದಲ ಪುಟದಿಂದ ಹಿಡಿದು ಕೊನೆಯ ಪುಟದ ಟೆಂಡರು ಪ್ರಕಟಣೆಯವರೆಗೆ ಒಂದಕ್ಷರ ಬಿಡದೆ ಕೇಳಿದರು.

ಮೇಷ್ಟರ ಋಣ ತೀರಿಸಬೇಕೆಂದು ಅಕ್ಕ ಶಾಲೆಯ ಪುಸ್ತಕಗಳನ್ನು ತಿದ್ದುವ ಕೆಲಸ ಹಿಡಿದರು. ಪಠ್ಯಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿದಾಗ ಯಂತ್ರ ಅಕ್ಷರಗಳನ್ನು ಅಡ್ಡಾದಿಡ್ಡಿ ಓದುತ್ತದೆ. ‘ಹಸು’ ಹೋಗಿ ‘ಹನು’ ಆಗಿರುತ್ತದೆ. ಅಂಥದ್ದನ್ನೆಲ್ಲ ಕಿವಿಯಲ್ಲೇ ಹಿಡಿದು ಸರಿಮಾಡಿ ಕೊಟ್ಟರೆ ಶಾಲೆಯವರು ಬ್ರೈಲಿನಲ್ಲಿ ಅಚ್ಚು ಹಾಕಿಸಿ ಮಕ್ಕಳಿಗೆ ಕೊಡುತ್ತಿದ್ದರು. ಮೂರು ವರ್ಷದಲ್ಲಿ ಒಂಬತ್ತು ಪುಸ್ತಕ ಮುಗಿದವು. ಅಷ್ಟರಲ್ಲಿ ಹಳೆಯ ಯಂತ್ರ ಕೈಕೊಟ್ಟಿತು. ಯಾವುದೋ ಕಚೇರಿಯವರು ದಾನವಾಗಿ ಕೊಟ್ಟ, ಅದಕ್ಕಿಂತ ಹೊಸದಾದ ಇನ್ನೊಂದು ಬಂತು. ಫಜೀತಿ ಶುರುವಾದದ್ದು ಆಗಲೇ.

ಒಂದು ಬೆಳಿಗ್ಗೆ ಅಕ್ಕ ಚಹಾ ಕುಡಿದು ಬಂದು ಕೀಲಿ ಒತ್ತಿದರು. ದನಿ ಇಲ್ಲ. ಫ್ಯಾನು ಗುಂಯ್ ಎನ್ನುತ್ತಿತ್ತು, ಪೆಟ್ಟಿಗೆ ಬೆಚ್ಚಗಿತ್ತು, ಯಾವ ಕೀಲಿಗೂ ಉತ್ತರವಿಲ್ಲ. ಕಣ್ಣಿದ್ದವರಾದರೆ ತೆರೆ ನೋಡಿ, ಹ್ಯಾಂಗ್ ಆಗಿದೆ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ಅಕ್ಕನಿಗೆ ಯಂತ್ರ ನಿಂತಿದೆಯೋ, ಅಥವಾ ದನಿ ಮಾತ್ರ ನಿಂತಿದೆಯೋ ತಿಳಿಯದು. ಮೊದಲ ಸಲ ಅವರು ಟೈಲರಮ್ಮನನ್ನು ಕರೆದರು. ಕ್ಯಾಪ್ಸ್ ಲಾಕ್ ಕೀಲಿ ಒತ್ತುತ್ತೇನೆ, ಪುಟ್ಟ ದೀಪ ಹತ್ತಿ ಆರುತ್ತದೆಯೇ ನೋಡು ಎಂದರು.

“ಇಲ್ಲ ಅತ್ತಿಗೆ, ಹಾಗೇ ಇದೆ.”

ದೀಪವೂ ಅಲ್ಲಾಡದಿದ್ದರೆ ಒಳಗಿನ ಜೀವವೇ ನಿಂತಿದೆ ಎಂದರ್ಥ. ಸ್ವಿಚ್ಚು ಒತ್ತಿ ಆರಿಸಿ ಮತ್ತೆ ಹಚ್ಚಬೇಕಾಯಿತು. ಹನ್ನೊಂದು ಪುಟದ ತಿದ್ದುಪಡಿ ನೀರಿನಲ್ಲಿ ಹೋಮವಾಯಿತು. ಮರುದಿನ ಮತ್ತೆ ಹಾಗೇ. ಒಂದೊಂದು ದಿನ ಎರಡು ಸಲ, ಒಂದೊಂದು ದಿನ ಒಮ್ಮೆಯೂ ಇಲ್ಲ. ಐದನೆಯ ತರಗತಿಯ ವಿಜ್ಞಾನದ ಪುಸ್ತಕ ಅರ್ಧಕ್ಕೆ ನಿಂತಿತ್ತು, ಶಾಲೆ ತೆರೆಯಲು ಆರು ವಾರವಷ್ಟೇ ಇತ್ತು.

ರಿಪೇರಿಯವನು ಬಂದ. ಧೂಳು ಊದಿದ, ವೈರುಗಳನ್ನು ಬಿಗಿಮಾಡಿದ, ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನೂ ಬದಲಾಯಿಸಿ ನೋಡಿದ. ಅವನಿದ್ದಷ್ಟು ಹೊತ್ತು ಯಂತ್ರ ಹೂವೆತ್ತಿದ ಹಾಗೆ ನಡೆಯಿತು, ಅವನು ಗೇಟು ದಾಟಿದ ಅರ್ಧ ಗಂಟೆಗೆ ನಿಂತಿತು. ಈ ಬಿಟ್ಟಿ ಲಿನಕ್ಸ್ ತೆಗೆದು ಬೇರೆ ಹಾಕಿಸಿಕೊಳ್ಳಿ ಎಂದು ಅವನು ಫೋನಿನಲ್ಲಿ ಹೇಳಿದ. ಅಕ್ಕ ಒಪ್ಪಲಿಲ್ಲ. ತನಗೆ ಓದು ವಾಪಸ್ಸು ತಂದುಕೊಟ್ಟದ್ದನ್ನು ಹೊರಗೆ ಹಾಕುವ ಮೊದಲು ಅದರ ತಪ್ಪೇನೆಂದಾದರೂ ತಿಳಿಯಬೇಡವೇ ಎಂದರು.

ಲಿನಕ್ಸ್ ಬಳಸುವ ಕನ್ನಡಿಗರು ತಮ್ಮ ಕಷ್ಟಸುಖ ಬರೆದುಕೊಳ್ಳುವ ಒಂದು ತಾಣವಿತ್ತು. ಅಕ್ಕ ಅಲ್ಲಿ ತಮ್ಮ ಗೋಳು ಬರೆದರು. ಉತ್ತರ ಬಂದದ್ದು ‘ಗುಬ್ಬಚ್ಚಿ’ ಎಂಬ ಅಡ್ಡಹೆಸರಿನವರಿಂದ. ಗಂಡೋ ಹೆಣ್ಣೋ, ಯಾವ ಊರೋ ಗೊತ್ತಿಲ್ಲ. ಮಧ್ಯಾಹ್ನ ಒಂದು ಗಂಟೆಯಿಂದ ಒಂದೂವರೆಯೊಳಗೆ ತಪ್ಪದೆ ಉತ್ತರ ಬರುತ್ತಿತ್ತು. ಊಟದ ಬಿಡುವಿನಲ್ಲಿ ಕೂತು ಬರೆಯುವವರಿರಬೇಕು ಎಂದು ಅಕ್ಕ ಊಹಿಸಿದರು. ಒಮ್ಮೆಗೆ ಒಂದನ್ನೇ ಬದಲಾಯಿಸಿ, ಎರಡನ್ನು ಒಟ್ಟಿಗೆ ಬೇಡ ಎಂಬುದು ಗುಬ್ಬಚ್ಚಿಯ ಮೊದಲ ಮಾತು.

ಮೊದಲು ರ‍್ಯಾಮ್ ಪರೀಕ್ಷೆ. ಯಂತ್ರದ ನೆನಪಿನ ಚಿಪ್ಪು ಅದು. ಪರೀಕ್ಷೆಗೆ ಒಂದು ತಂತ್ರಾಂಶವಿದೆ, ಆದರೆ ಅದು ಮೂಕ. ಕಪ್ಪು ತೆರೆಯ ಮೇಲೆ ಅಂಕಿಗಳು ಓಡುತ್ತವೆ, ಓದಿ ಹೇಳುವ ದನಿ ಅದರಲ್ಲಿಲ್ಲ. ಹಾಗಾಗಿ ಟೈಲರಮ್ಮ ಹೊಲಿಗೆಯ ಮಧ್ಯೆ ಎದ್ದೆದ್ದು ಬಂದು ಓದಬೇಕಾಯಿತು. ಇಂಗ್ಲಿಷ್ ಅಕ್ಷರಗಳು ಬಿಡಿಬಿಡಿಯಾಗಿ ಗೊತ್ತು, ಕೂಡಿಸಿ ಓದಲು ಬಾರದು. “ಇ, ಆರ್, ಆರ್, ಓ, ಆರ್, ಎಸ್, ಮುಂದೆ ಸೊನ್ನೆ” ಎಂದು ಹೇಳಿದರೆ ಅಕ್ಕ ಅದನ್ನು ಕೂಡಿಸಿ ‘ಎರರ್ಸ್ ಸೊನ್ನೆ’ ಎಂದುಕೊಳ್ಳುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಂಟು ಸಲ ಓದಿದರೂ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ರ‍್ಯಾಮಿನಲ್ಲಿ ದೋಷವಿಲ್ಲ.

ಆಮೇಲೆ ತಮ್ಮನ ಸರದಿ. ಅವನು ಊಟಕ್ಕೆ ಕೂತವನು, ಹೊಲಿಗೆ ಯಂತ್ರದ ಮೋಟರೂ ಕಂಪ್ಯೂಟರೂ ಒಂದೇ ಲೈನಿನಲ್ಲಿವೆ, ನೀನು ಪೆಡಲ್ ಒತ್ತಿದಾಗಲೆಲ್ಲ ಕರೆಂಟು ಜಗ್ಗುತ್ತದೆ, ಅದಕ್ಕೇ ಇದು ನಿಲ್ಲುತ್ತಿದೆ ಎಂದು ಹೆಂಡತಿಯ ತಲೆಗೆ ಕಟ್ಟಿಬಿಟ್ಟ. ಟೈಲರಮ್ಮ ಎರಡು ದಿನ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಳು. ನನ್ನ ರವಿಕೆ ತಡವಾದದ್ದು ಆಗಲೇ. ಆ ಎರಡು ದಿನದಲ್ಲಿ ಕಂಪ್ಯೂಟರ್ ಮೂರು ಸಲ ನಿಂತಿತು! ಮೂರನೆಯ ಸಲ ಅಕ್ಕ ನಡುಮನೆಗೆ ಬಂದು, ತಮ್ಮನಿಗೆ ಕೇಳುವ ಹಾಗೆ, ಹೊಲಿಗೆ ಯಂತ್ರ ನಿರಪರಾಧಿ ಎಂದು ಸಾರಿದರು. ಟೈಲರಮ್ಮ ಬಟ್ಟೆ ಸರಿಸಿ ಕೂತು ಪೆಡಲನ್ನು ತುಸು ಜೋರಾಗಿಯೇ ಒತ್ತಿದಳಂತೆ.

ಎಕ್ಸ್‌ಚೇಂಜಿನಲ್ಲಿ ಲೈನು ಕೆಟ್ಟರೆ ಒಂದು ಚೀಟಿಯಲ್ಲಿ ಹೊತ್ತು, ಏನು ನಡೆಯುತ್ತಿತ್ತು ಎಂಬುದನ್ನು ಬರೆದಿಡುವ ಪದ್ಧತಿಯಿತ್ತು. ಅಕ್ಕ ಅದೇ ದಾರಿ ಹಿಡಿದರು. ಗುಂಡಿ ಒತ್ತಿದರೆ ಅವರ ಕೈಗಡಿಯಾರ ಹೊತ್ತನ್ನು ಗಟ್ಟಿಯಾಗಿ ಹೇಳುತ್ತದೆ. ಅಂಗೈ ಗಾತ್ರದ ಧ್ವನಿಮುದ್ರಕದಲ್ಲಿ ಪ್ರತಿಸಲದ ವಿವರವನ್ನೂ ಹೇಳಿಟ್ಟರು. ಹದಿನೆಂಟು ಸಲವಾದ ಮೇಲೆ ಒಂದು ಮಧ್ಯಾಹ್ನ ಎಲ್ಲವನ್ನೂ ಸಾಲಾಗಿ ಕೇಳಿಸಿಕೊಂಡರು. ಪಕ್ಕದಲ್ಲಿ ಟೈಲರಮ್ಮ ಗುಂಡಿ ಹಚ್ಚುತ್ತಿದ್ದಳು. ಹನ್ನೊಂದು ಇಪ್ಪತ್ತು, ಚಹಾಕ್ಕೆ ಎದ್ದಿದ್ದೆ. ನಾಲ್ಕು ಗಂಟೆ ಐದು ನಿಮಿಷ, ಬಾಗಿಲು ತೆಗೆಯಲು ಎದ್ದಿದ್ದೆ. ಒಂಬತ್ತೂವರೆ, ಸ್ನಾನಕ್ಕೆ ಹೋಗಿದ್ದೆ. ಮುಗಿದ ಮೇಲೆ ಅಕ್ಕ ಇನ್ನೂ ಯೋಚಿಸುತ್ತ ಕೂತಿದ್ದರು.

ಟೈಲರಮ್ಮ ಹಲ್ಲಿನಲ್ಲಿ ದಾರ ಕಡಿದು ಹೇಳಿದಳು, “ಅತ್ತಿಗೆ, ನೀವು ಕೆಲಸ ಮಾಡ್ತಾ ಇರುವಾಗ ಇದು ಒಂದ್ಸಲಾನೂ ನಿಂತಿಲ್ವಲ್ಲ. ನೀವು ಎದ್ದು ಹೋದಾಗ್ಲೇ ನಿಲ್ಲುತ್ತೆ.”

ಅಕ್ಕ ಮುದ್ರಣವನ್ನು ಮೊದಲಿನಿಂದ ಮತ್ತೊಮ್ಮೆ ಕೇಳಿದರು. ಹದಿನೆಂಟರಲ್ಲಿ ಹದಿನೆಂಟೂ ಹಾಗೇ. ರಿಪೇರಿಯವನು ಇದ್ದಾಗ ಯಂತ್ರ ಯಾಕೆ ನಿಲ್ಲಲಿಲ್ಲ ಎಂಬುದೂ ಆಗ ತಿಳಿಯಿತು. ಅವನು ಅದಕ್ಕೆ ಬಿಡುವೇ ಕೊಟ್ಟಿರಲಿಲ್ಲ. ಅವತ್ತೇ ಗುಬ್ಬಚ್ಚಿಗೆ ಬರೆದರು. ಇದನ್ನು ಕಂಡುಹಿಡಿದದ್ದು ನಾನಲ್ಲ, ನನ್ನ ತಮ್ಮನ ಹೆಂಡತಿ ಎಂದೂ ಬರೆದರು.

ಮರುದಿನ ಒಂದು ಗಂಟೆಗೆ ಉದ್ದನೆಯ ಉತ್ತರ ಬಂತು. ಕೆಲಸವಿಲ್ಲದಾಗ ಯಂತ್ರದ ಮಿದುಳಾದ ಪ್ರೊಸೆಸರು ವಿದ್ಯುತ್ ಉಳಿಸಲು ನಿದ್ದೆ ಮಾಡುತ್ತದಂತೆ. ನಿದ್ದೆಯಲ್ಲೂ ತೂಕಡಿಕೆ, ಮಂಪರು, ಗಾಢನಿದ್ದೆ ಎಂದು ಮೆಟ್ಟಿಲುಗಳಂತೆ. ಕೆಲವು ಮದರ್‌ಬೋರ್ಡುಗಳಲ್ಲಿ ಗಾಢನಿದ್ದೆಗೆ ಇಳಿದ ಪ್ರೊಸೆಸರು ಎಬ್ಬಿಸಿದರೂ ಏಳುವುದಿಲ್ಲವಂತೆ. ಖಾತ್ರಿ ಮಾಡಿಕೊಳ್ಳಲು ಎರಡು ದಿನ ಯಂತ್ರಕ್ಕೆ ಬಿಡುವೇ ಕೊಡಬೇಡಿ, ಏನಾದರೂ ಓದಿಸುತ್ತಲೇ ಇರಿ ಎಂದಿತ್ತು.

ಅಕ್ಕ ವಿಜ್ಞಾನದ ಪುಸ್ತಕವನ್ನೇ ಹಚ್ಚಿಟ್ಟರು. ಎರಡು ದಿನ ಆ ಮನೆಯಲ್ಲಿ ಯಾರಿರಲಿ ಬಿಡಲಿ, ಪಾಠ ನಡೆದೇ ಇತ್ತು. ಅಳತೆ ಕೊಡಲು ಹೋದ ನನಗೆ ಟೈಲರಮ್ಮ ಟೇಪು ಹಿಡಿದುಕೊಂಡೇ ಹಸುವಿನ ಹೊಟ್ಟೆಯ ನಾಲ್ಕು ಕೋಣೆಗಳನ್ನೂ ಎಣಿಸಿ ಹೇಳಿದಳು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಮೂರನೆಯ ದಿನ ಪಾಠ ನಿಲ್ಲಿಸಿ ಸುಮ್ಮನೆ ಬಿಟ್ಟರು. ನಲವತ್ತು ನಿಮಿಷಕ್ಕೆ ಕೀಲಿ ಒತ್ತಿದರೆ ಜೀವವಿಲ್ಲ. ಯಂತ್ರ ಕೆಟ್ಟಿತೆಂದು ಅಕ್ಕ ಖುಷಿಪಟ್ಟದ್ದು ಅದೊಂದೇ ಸಲ.

ಗುಬ್ಬಚ್ಚಿ ಕೇಳಿದ ಇನ್ನೆರಡು ವಿವರಗಳಿದ್ದವು. ಮದರ್‌ಬೋರ್ಡಿನ ಮೇಲೆ ಅಚ್ಚಾದ ಮಾದರಿಯ ಅಕ್ಷರಗಳು, ಮತ್ತು ಯಂತ್ರ ಏಳುವಾಗ, ದನಿ ಬರುವುದಕ್ಕಿಂತ ಮೊದಲು, ತೆರೆಯ ಮೇಲೆ ಮೂಡುವ ಹತ್ತು ಸಾಲುಗಳು. ಟೈಲರಮ್ಮ ಟಾರ್ಚು ಹಿಡಿದು, ಸೂಜಿಗೆ ದಾರ ಪೋಣಿಸುವಾಗ ಹಾಕುವ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಹೇಳಿದಳು. ಅಕ್ಕ ಧ್ವನಿಮುದ್ರಕದಲ್ಲಿ ಹಿಡಿದುಕೊಂಡು, ಆಮೇಲೆ ಬರೆದು ಕಳಿಸಿದರು. ಒಂದು ಗಂಟೆ ಹಿಡಿಯಿತು. ಓದಿದವರು ಒಂದು ಚುಕ್ಕೆಯನ್ನೂ ಬಿಟ್ಟಿಲ್ಲ, ಹೀಗೆ ಓದುವವರು ನನಗೆ ಇದುವರೆಗೆ ಸಿಕ್ಕಿರಲಿಲ್ಲ ಎಂದು ಗುಬ್ಬಚ್ಚಿ ಬರೆದದ್ದನ್ನು ಯಂತ್ರವೇ ಗಟ್ಟಿಯಾಗಿ ಓದಿ ಹೇಳಿತು. ಟೈಲರಮ್ಮ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ ಎಂದು ಅಕ್ಕ ನನಗೆ ಹೇಳಿದರು. ಇದ್ದಿದ್ದರೆ ಕಾಯುವ ವಾಸನೆ ಬರುತ್ತಿರಲಿಲ್ಲವೇ ಎಂದರು.

ಮದ್ದು ಒಂದೇ ಒಂದು ಸಾಲು. ಯಂತ್ರ ಏಳುವಾಗ ಓದಿಕೊಳ್ಳುವ ಕಡತದಲ್ಲಿ, ಇಷ್ಟಕ್ಕಿಂತ ಆಳದ ನಿದ್ದೆಗೆ ಇಳಿಯಬೇಡ ಎಂದು ಹೇಳುವ ಸಾಲು. ಒಂದಕ್ಷರ ತಪ್ಪಾಗಿ ಕೂತರೂ ಯಂತ್ರ ಏಳದೇ ಹೋದೀತು ಎಂಬ ಎಚ್ಚರಿಕೆಯೂ ಇತ್ತು. ಅಕ್ಕ ಬರೆದರು, ದನಿ ಒಂದೊಂದಕ್ಷರವನ್ನೂ ಹೇಳುತ್ತ ಹೋಯಿತು, ಟೈಲರಮ್ಮ ತೆರೆ ನೋಡುತ್ತ ತಾಳೆಹಾಕಿದಳು. ಆರಿಸಿ ಹಚ್ಚಿದರು. ಅರ್ಧ ನಿಮಿಷದ ಮೇಲೆ ದನಿ ಬಂತು.

ಆಮೇಲೆ ಕಾಯುವುದು. ಒಂದು ದಿನ, ಮೂರು ದಿನ, ಒಂದು ವಾರ. ಅಕ್ಕ ಬೇಕೆಂದೇ ಹೊತ್ತುಗಟ್ಟಲೆ ಎದ್ದು ಹೋಗುತ್ತಿದ್ದರು. ನಮ್ಮ ಮನೆಗೂ ಬಂದು ಕೂತು ಹರಟಿದರು. ವಾಪಸ್ಸು ಹೋಗಿ ಒತ್ತಿದರೆ ಪ್ರತಿಸಲವೂ ದನಿ ಉತ್ತರ ಕೊಡುತ್ತಿತ್ತು. ವಿಜ್ಞಾನದ ಪುಸ್ತಕ ಶಾಲೆ ತೆರೆಯುವುದಕ್ಕೆ ಒಂಬತ್ತು ದಿನ ಮೊದಲೇ ಮುಗಿಯಿತು.

ಆ ದಿನಗಳಲ್ಲೇ ಅಕ್ಕ ನನ್ನ ಮುಂದೆ ಒಂದು ಮಾತು ಹೇಳಿದರು. “ಮೂವತ್ತೊಂದು ವರ್ಷ ನಾನು ಜನರಿಗೆ ಲೈನ್ ಕೊಟ್ಟೆ, ಸಂಬಳ ತಗೊಂಡು. ಇವರು ನನ್ನ ಮುಖಾನೂ ನೋಡಿಲ್ಲ, ಸಂಬಳಾನೂ ಇಲ್ಲ. ಊಟದ ಹೊತ್ತು ಬಿಟ್ಟು ಕೂತ್ಕೊಂಡು ನನಗೆ ಲೈನ್ ಕೊಟ್ರು. ನಾನು ಯಾರಿಗೆ ಅಂತ ಕೈಮುಗೀಲಿ?”

ಗುಬ್ಬಚ್ಚಿಗೆ ಕೃತಜ್ಞತೆ ಹೇಳಿ ಬರೆದಾಗ, ನನಗೂ ಹೀಗೇ ಯಾರೋ ಹೇಳಿಕೊಟ್ಟದ್ದು, ನಾನೊಬ್ಬ ಆಸ್ಪತ್ರೆಯ ನರ್ಸು, ಬಿಡುವಿನಲ್ಲಿ ಇದೇ ನನಗೆ ವಿಶ್ರಾಂತಿ ಎಂಬ ಎರಡೇ ಸಾಲಿನ ಉತ್ತರ ಬಂತು. ಜೊತೆಗೆ ಇನ್ನೊಂದು ಸಂಗತಿ. ಆ ಮಾದರಿಯ ಬೋರ್ಡು ಇರುವ ಎಲ್ಲ ಯಂತ್ರಗಳಲ್ಲೂ ಆ ನಿದ್ದೆಯ ಮಿತಿ ತಾನಾಗಿಯೇ ಜಾರಿಯಾಗುವಂತೆ ಲಿನಕ್ಸಿನ ಒಳಗೇ ತಿದ್ದುಪಡಿ ಕಳಿಸಿದ್ದೇನೆ, ಅದರ ಕೆಳಗೆ ದೋಷವನ್ನು ತಿಳಿಸಿದವರ ಹೆಸರನ್ನೂ ಪರೀಕ್ಷಿಸಿದವರ ಹೆಸರನ್ನೂ ಹಾಕುವುದು ವಾಡಿಕೆ, ಇಬ್ಬರೂ ಹೆಸರು ಬರೆದು ಕಳಿಸಿ ಎಂದಿತ್ತು. ಅಕ್ಕ ಕಳಿಸಿದರು. ತಿಂಗಳೆರಡು ಕಳೆದ ಮೇಲೆ ತಿದ್ದುಪಡಿ ಸೇರಿತೆಂಬ ಸುದ್ದಿಯೂ, ಆ ಇಂಗ್ಲಿಷ್ ಪುಟದ ಕೊಂಡಿಯೂ ಬಂತು.

ಅಕ್ಕ ಟೈಲರಮ್ಮನನ್ನು ಕರೆದು ಪುಟ ತೆರೆದು ಕೂರಿಸಿದರು. ನಾನೂ ಅಲ್ಲೇ ಇದ್ದೆ. ಟೈಲರಮ್ಮ ತೆರೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿದಳು. ಅಕ್ಕನ ಹೆಸರು ಸಿಕ್ಕಿತು. ಅದರ ಕೆಳಗೆ ಅವಳದು. ಬೆರಳು ಅಲ್ಲಿ ನಿಂತಿತು, ಮತ್ತೆ ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು.

“ಅತ್ತಿಗೆ, ಇದರಲ್ಲಿ ಒಂದು ಎಲ್ ಕಮ್ಮಿ ಇದೆ. ನನ್ನ ಹೆಸರಲ್ಲಿ ಎರಡು ಎಲ್.”

ಅಕ್ಕ ತಾವು ಕಳಿಸಿದ ಸಂದೇಶವನ್ನು ತೆಗೆದು ಕೇಳಿಸಿಕೊಂಡರು. ತಪ್ಪು ಅವರದೇ, ಅವಸರದಲ್ಲಿ ಒಂದಕ್ಷರ ನುಂಗಿದ್ದರು. ಒಮ್ಮೆ ಸೇರಿದ್ದನ್ನು ಬದಲಾಯಿಸಲು ಬರುವುದಿಲ್ಲ ಎಂದು ಗುಬ್ಬಚ್ಚಿ ಮರುದಿನ ಬರೆದರು, ಆದರೆ ತಾಣದ ಕನ್ನಡ ಪುಟದಲ್ಲಿ ಈ ದೋಷದ ಬಗ್ಗೆ ತಾವು ಬರೆದ ಟಿಪ್ಪಣಿಯಲ್ಲಿ ಸರಿಯಾದ ಹೆಸರನ್ನೇ ಹಾಕಿದ್ದರು. ಅದು ಕನ್ನಡದ ಪುಟವಾದ್ದರಿಂದ ಟೈಲರಮ್ಮನ ಹೆಸರಿನಲ್ಲಿ ಎಲ್ ಎಂಬುದೇ ಇರಲಿಲ್ಲ, ಗೊಂದಲವೂ ಇರಲಿಲ್ಲ. ದುಂಡಗಿನ ಒಂದು ಲಕಾರಕ್ಕೆ ಒತ್ತು ಕೊಟ್ಟಿತ್ತು. ಅವಳು ಅದನ್ನು ಬೆರಳಿಡದೆಯೇ, ಒಂದೇ ಉಸಿರಿನಲ್ಲಿ ಓದಿದಳು.