ನಮ್ಮ ಹಡಗು ಊಟಕ್ಕೆ ನಿಂತಿದೆ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ದೇವರ ಮುಖ ನೋಡುತ್ತಾರೆ, ಕೆಲವರು ಹೆಂಡತಿಯ ಮುಖ ನೋಡುತ್ತಾರೆ, ಎರಡಕ್ಕೂ ಧೈರ್ಯವಿಲ್ಲದವರು ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ನಾನು ಹಡಗು ನೋಡುತ್ತೇನೆ. ಈ ಮಾತನ್ನು ಕಾರವಾರದವರು ಹೇಳಿದ್ದರೆ ನೀವು ಹುಬ್ಬೇರಿಸುತ್ತಿರಲಿಲ್ಲ. ನಾನಿರುವುದು ರಾಯಚೂರಿನಲ್ಲಿ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗುವ ಮೊದಲೇ ಮನುಷ್ಯ ಬಿಸಿಲಿಗೆ ಹಪ್ಪಳವಾಗುತ್ತಾನೆ. ಆದರೂ ನನಗೀಗ ಒಂದು ಹಡಗಿದೆ, ಅದರಿಂದ ನನಗೆ ತಲೆನೋವೂ ಇದೆ.

ತಪ್ಪು ನನ್ನ ತಮ್ಮ ವೀರೇಶನದು. ಮಾನ್ವಿಯಲ್ಲಿ ಅವನ ಅಕ್ಕಿ ಗಿರಣಿ ಇದೆ. ಕರೆಂಟಿನ ಕಾರು ಕೊಳ್ಳುತ್ತೇನೆಂದಾಗ ನಾನು ಸಂತೋಷಪಟ್ಟೆ. ನಮ್ಮ ದೇಶದಲ್ಲೇ ಅಂಥ ಕಾರುಗಳು ಬೇಕಾದಷ್ಟಿವೆ, ಒಂದನ್ನು ಮನೆಗೆ ತಂದು ನಿಲ್ಲಿಸಬಹುದಿತ್ತು. ಆದರೆ ಅಂಥದ್ದು ಪಕ್ಕದ ಸಿರವಾರದಲ್ಲಿ ಯಾರದೋ ಮನೆ ಮುಂದೆ ಆಗಲೇ ನಿಂತಿತ್ತಂತೆ. ಮಾನ್ವಿಯವನಾಗಿ ಅದನ್ನು ಸಹಿಸುವುದು ಹೇಗೆ? ಹೀಗಾಗಿ ಪರದೇಶದಲ್ಲೇ ತಯಾರಾಗಿ ಹಡಗಿನಲ್ಲಿ ಬರುವ ಕಾರನ್ನು ಬುಕ್ ಮಾಡಿದ. ಕಾರಿಗಿಂತ ಮುಂಚೆ ಗಿರಣಿಯ ಗೋಡೆಗೆ ಚಾರ್ಜರ್ ಕೂರಿಸಿದ. ಶೋರೂಮಿನವರು ಹಡಗಿನ ಹೆಸರು ಕೊಟ್ಟು, ಅದು ಎಲ್ಲಿದೆಯೆಂದು ಫೋನಿನಲ್ಲೇ ನೋಡಬಹುದೆಂದು ಹೇಳಿ ಕೈ ತೊಳೆದುಕೊಂಡರು. ವೀರೇಶ ಆ ಹೆಸರನ್ನು ನನಗೆ ದಾಟಿಸಿ ಕೈ ತೊಳೆದುಕೊಂಡ.

“ಅಣ್ಣ, ನೀ ಭೂಗೋಳ ಕಲಸಾಂವ. ಹಡಗ ಎಲ್ಲಿಗಿ ಬಂದದ ನೋಡಿ ಹೇಳ್ತಿರು” ಎಂದ.

ಕಾಲೇಜಿನಲ್ಲಿ ಭೂಗೋಳ ಹೇಳುವವನು ಎಂಬುದು ನಿಜ. ಆದರೆ ಸಮುದ್ರಗಳೊಂದಿಗೆ ನನ್ನ ಒಡನಾಟವೆಲ್ಲ ಗೋಡೆಗೆ ತೂಗುಹಾಕಿದ ನಕಾಶೆಯ ಮೂಲಕವೇ ನಡೆದದ್ದು. ನಕಾಶೆಯ ಸಮುದ್ರ ಬಹಳ ಒಳ್ಳೆಯದು. ಅಲ್ಲಿ ಏನೂ ಚಲಿಸುವುದಿಲ್ಲ, ಹೀಗಾಗಿ ಏನೂ ತಡವಾಗುವುದಿಲ್ಲ.

ತಮ್ಮನ ಜಂಬದ ಮಾತಷ್ಟೇ ಆಗಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಹಡಗಿನ ದಾರಿಯನ್ನು ಅವನಿಗಿಂತ ಹೆಚ್ಚಾಗಿ ಕಾಯುತ್ತಿದ್ದವಳು ನನ್ನ ಜೊತೆ ಇರುವ ನಮ್ಮವ್ವ. ಅವಳಿಗೆ ಡೀಸೆಲ್ಲು, ಪೆಟ್ರೋಲಿನ ವಾಸನೆ ಆಗಿಬರುವುದಿಲ್ಲ. ಬಸ್ಸು ನಿಲ್ದಾಣ ಬಿಡುವ ಮೊದಲೇ ಹೊಟ್ಟೆ ತೊಳಸಿ ವಾಂತಿ ಶುರುವಾಗುತ್ತದೆ. ನಿಂಬೆಹಣ್ಣು, ಮಾತ್ರೆ, ಕಿಟಕಿ ಪಕ್ಕದ ಸೀಟು, ಎಲ್ಲ ಮುಗಿದಿವೆ. ಅವಳ ಒಬ್ಬಳೇ ತಂಗಿ, ನಮ್ಮ ಚಿಗವ್ವ, ಇರುವುದು ದೇವದುರ್ಗದಲ್ಲಿ. ಚಿಗವ್ವನಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾರರು. ಹೀಗೆ ಇಬ್ಬರೂ ಎರಡು ಊರಲ್ಲಿ ಕೂತು ಫೋನಿನಲ್ಲೇ ಮಾತಾಡುತ್ತ ಎಷ್ಟೋ ವರ್ಷಗಳಾದವು. ಕರೆಂಟಿನ ಕಾರಿಗೆ ವಾಸನೆಯೇ ಇಲ್ಲ, ಬಂದ ಮೊದಲ ದಿನವೇ ನಿನ್ನನ್ನು ದೇವದುರ್ಗಕ್ಕೆ ಕರೆದೊಯ್ಯುತ್ತೇನೆ ಎಂದು ವೀರೇಶ ಹೇಳಿದ್ದೇ ತಡ, ಅವ್ವ ತಂಗಿಗೊಂದು ಇಳಕಲ್ ಸೀರೆ ತರಿಸಿ ಚೀಲದಲ್ಲಿಟ್ಟು, ಚೀಲವನ್ನು ಬಾಗಿಲ ಹಿಂದಿಟ್ಟುಬಿಟ್ಟಳು. ನಾನು ಕಾಲೇಜಿಗೆ ಹೊರಡುವಾಗ ದಿನವೂ ಆ ಚೀಲವನ್ನು ದಾಟಿಯೇ ಹೋಗಬೇಕು. ನನ್ನ ಕಷ್ಟ ಈಗ ನಿಮಗೆ ತಿಳಿದಿರಬೇಕು.

ಈ ಹಡಗು ತೋರಿಸುವ ಆ್ಯಪ್ ಇದೆಯಲ್ಲ, ಮನುಷ್ಯನ ತಾಳ್ಮೆ ಪರೀಕ್ಷಿಸಲೆಂದೇ ಯಾರೋ ಮಾಡಿದ್ದು. ನಡೆಯುವ ಹಡಗು ಅದರಲ್ಲಿ ಬಾಣವಾಗಿ ಕಾಣುತ್ತದೆ, ನಿಂತ ಹಡಗು ಚುಕ್ಕಿಯಾಗುತ್ತದೆ. ಸಿಂಗಾಪುರದ ಹತ್ತಿರ ಬಾಣಗಳೆಲ್ಲ ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಆ ರಾಶಿಯಲ್ಲಿ ನಮ್ಮದನ್ನು ಹುಡುಕಿ ಕನ್ನಡಕ ಒರೆಸಿಕೊಳ್ಳುವುದರೊಳಗೆ ಅದು ಮತ್ತೊಂದರ ಕೆಳಗೆ ಸೇರಿಕೊಳ್ಳುತ್ತದೆ. ನಡುಸಮುದ್ರಕ್ಕೆ ಹೋದ ಮೇಲಂತೂ ಅದು ಕಾಣುವುದೇ ಇಲ್ಲ, ಕಾಣಬೇಕಾದರೆ ದುಡ್ಡು ಕಟ್ಟು ಎನ್ನುತ್ತದೆ ಆ್ಯಪ್. ನನಗೆ ಪಿತ್ತ ನೆತ್ತಿಗೇರುತ್ತದೆ. ಅಷ್ಟು ದೊಡ್ಡ ಹಡಗು, ಹೊಟ್ಟೆ ತುಂಬ ಕಾರು, ಅದನ್ನು ಕಳೆದುಕೊಂಡವರು ಅವರು, ದುಡ್ಡು ಕಟ್ಟಬೇಕಾದವನು ನಾನು.

ಎದುರು ಮನೆಯ ಖಾದರ್ ಸಾಹೇಬರು ನನ್ನ ಹೊಸ ಹುಚ್ಚು ನೋಡಿ ವಿಚಾರಿಸಿದರು. ಕಾರುಗಳು ತಾವೇ ಉರುಳಿಕೊಂಡು ಹತ್ತಿ ಇಳಿಯುವ ಇಂಥ ಹಡಗಿಗೆ ರೋ-ರೋ ಎನ್ನುತ್ತಾರೆಂದು ನಾನು ಪಾಂಡಿತ್ಯ ತೋರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ನಿಜಾಮರ ಕಾಲದಿಂದ ಉರ್ದು ಬೆರೆತ ಊರು ನಮ್ಮದು. ‘ರೋ’ ಎಂದರೆ ಅಳು ಎಂದು ಇಲ್ಲಿ ಎಲ್ಲರಿಗೂ ಗೊತ್ತು.

“ಅಳು ಅಳು ಅಂತ ಹೆಸರಿಟ್ಟು ಕಳಸ್ಯಾರಲ್ರೀ ಮಾಸ್ತರ, ಮತ್ತ ನೀವು ನಗಬೇಕಂದ್ರ ಹೆಂಗ?” ಎಂದರು.

ಅವರ ಬಾಯಿಗೆ ಸಕ್ಕರೆ ಹಾಕುವಂತಿರಲಿಲ್ಲ. ಆ ವಾರವೇ ನಮ್ಮ ಬಾಣ ಕೊಲಂಬೊ ಹತ್ತಿರ ಬಂದು ಚುಕ್ಕಿಯಾಯಿತು. ಬಂದರಿನ ಒಳಗೂ ಹೋಗಲಿಲ್ಲ, ಮುಂದಕ್ಕೂ ಹೊರಡಲಿಲ್ಲ. ಅವ್ವ ಎಂದಿನಂತೆ ಚಹಾ ಲೋಟದೊಂದಿಗೆ ಬಂದು ಕೇಳಿದಾಗ ನಾನು ಕನ್ನಡ ಮೇಷ್ಟರ ಗತ್ತಿನಲ್ಲಿ “ಹಡಗು ಲಂಗರು ಹಾಕಿದೆ” ಎಂದುಬಿಟ್ಟೆ.

ಅವ್ವನ ಮುಖ ಅರಳಿತು. “ಹೌದನು? ಸಮುದ್ರದಾಗ ಯಾವ ದರ್ಗಾ ಅದಪ್ಪಾ?” ಎಂದಳು.

ಲಂಗರು ಎಂದರೆ ಹಡಗು ನಿಲ್ಲಿಸುವ ಕಬ್ಬಿಣದ ಕೊಕ್ಕೆ ಎಂದು ತಿಳಿದವರು ನಾವು ನಾಲ್ಕು ಪುಸ್ತಕ ಓದಿದವರು. ಅವ್ವ ಕಂಡ ಲಂಗರೇ ಬೇರೆ. ಉರುಸಿನಲ್ಲಿ ದೊಡ್ಡ ದೊಡ್ಡ ದೇಗಡಿ ಒಲೆಗೇರಿಸಿ, ಬಂದವರಿಗೆಲ್ಲ ಜಾತಿ ಕುಲ ಕೇಳದೆ ಉಣ್ಣಲಿಕ್ಕೆ ಇಡುವುದು ಅವಳ ಲಂಗರು. ಅದು ಹಾಗಲ್ಲವ್ವ ಎಂದು ನಾನು ಹಾಳೆಯ ಮೇಲೆ ಕೊಕ್ಕೆಯ ಚಿತ್ರ ಬರೆದು, ಸರಪಳಿ ಜೋಡಿಸಿ, ಸಮುದ್ರದ ತಳವನ್ನೂ ಬರೆದು, ನಾಲ್ಕು ದಿನದಿಂದ ಹೀಗೇ ನಿಂತಿದೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಇಷ್ಟು ದಿನ ಉಣ್ಣುತ್ತಿದ್ದಾರೆಂದರೆ ಮಂದಿ ಬಹಳ ಇರಬೇಕು ಎಂದಳು. ಸಂಜೆಯ ಹೊತ್ತಿಗೆ ಈ ಸುದ್ದಿ ದೇವದುರ್ಗಕ್ಕೂ ಮುಟ್ಟಿತು. ಹಡಗು ಊಟಕ್ಕೆ ನಿಂತಿದೆ, ಎದ್ದ ಮೇಲೆ ಹೊರಡುತ್ತದೆ ಎಂದು ಅಕ್ಕತಂಗಿಯರು ತೀರ್ಮಾನಿಸಿಕೊಂಡರು.

ಊಟ ಮುಗಿಯಲೇ ಇಲ್ಲ. ಶೋರೂಮಿಗೆ ಫೋನು ಮಾಡಿದರೆ ಹಡಗಿನವರನ್ನು ಕೇಳಿ ಎನ್ನುತ್ತಾರೆ. ಹಡಗಿನವರನ್ನು ನಾನು ಎಲ್ಲಿಂದ ತರಲಿ? ಕೃಷ್ಣೆ ತುಂಗಭದ್ರೆಯರ ನಡುವೆ ಹುಟ್ಟಿದ ನಮಗೆ ಗೊತ್ತಿರುವುದು ಹರಗೋಲು ಒಂದೇ. ಅದೂ ನೀರಿನಲ್ಲಿ ಬುಗುರಿಯ ಹಾಗೆ ತಿರುಗುತ್ತದೆ, ಆದರೆ ತಿರುಗುತ್ತ ತಿರುಗುತ್ತ ಆಚೆ ದಡ ಮುಟ್ಟಿಸುತ್ತದೆ. ತಡವಾದರೆ ದಡದಲ್ಲಿ ನಿಂತು ಹುಟ್ಟು ಹಾಕುವವನನ್ನು ಬೈಯಬಹುದು, ಅವನು ತಿರುಗಿ ಬೈಯುತ್ತಾನೆ, ಮನಸ್ಸು ಹಗುರಾಗುತ್ತದೆ. ಈ ಚುಕ್ಕಿಯನ್ನು ಬೈದರೆ ಅದಕ್ಕೆ ಕಿವಿಯೇ ಇಲ್ಲ. ಅವ್ವ ಮಾತ್ರ ಸೀರೆಗೆ ನುಸಿ ಹತ್ತಬಾರದೆಂದು ಬಿಸಿಲಿಗೆ ಹರವಿ, ಮತ್ತೆ ಮಡಚಿ ಚೀಲದಲ್ಲಿಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮನೆಯ ಮುಂದೆ ಆಟೊ ನಿಂತಿತು. ಅದರಿಂದ ಮೊದಲು ಒಂದು ಕೋಲು, ಆಮೇಲೆ ಚಿಗವ್ವ ಇಳಿದರು. ದೇವದುರ್ಗದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ರಟ್ಟೆ ಹಿಡಿದು, ಹಿಂದಿನಿಂದ ಯಾರೋ ಹೆಣ್ಣುಮಕ್ಕಳು ನೂಕಿ, ಬಸ್ಸು ಹತ್ತಿಸಿದರಂತೆ. ಅವ್ವ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಳು.

ಚಿಗವ್ವ ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತ, “ನಿಮ್ಮ ಹಡಗ ಉಂಡು ಏಳೂದ್ರಾಗ ನಾನೇ ಇರ್ತೀನೋ ಇಲ್ಲೋ ಅಂತ ಬಂದೆ, ಯಕ್ಕಾ” ಎಂದರು.

ಇಬ್ಬರೂ ಅತ್ತರು. ರೋ-ರೋ ಎಂಬ ಹೆಸರು ಅಷ್ಟರಮಟ್ಟಿಗೆ ಸಾರ್ಥಕವಾಯಿತು. ಬಾಗಿಲ ಹಿಂದಿನ ಚೀಲ ಕೊನೆಗೂ ಬರಿದಾಯಿತು. ಮರುದಿನ ಗೋಧಿ ಹುಗ್ಗಿಯ ಪಾತ್ರೆ ಒಲೆಯೇರಿತು. ಖಾದರ್ ಸಾಹೇಬರ ಮನೆಯವರೆಲ್ಲ ಬಂದರು, ವೀರೇಶ ತನ್ನ ಹಳೆಯ ಡೀಸೆಲ್ ಜೀಪಿನಲ್ಲಿ ಬಂದ. ನಮ್ಮ ಮನೆಯಲ್ಲೂ ಲಂಗರು ಇಟ್ಟಿದ್ದೇವೆಂದು ಅವ್ವ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಚಿಗವ್ವ ಮತ್ತೆ ಬಸ್ಸು ಹತ್ತುವುದು ಬೇಡ, ಕರೆಂಟಿನ ಕಾರು ಬಂದ ಮೇಲೆ ಅದರಲ್ಲೇ ಅವರನ್ನು ಊರಿಗೆ ಬಿಟ್ಟುಬರುವುದು ಎಂದು ಊಟದ ಹೊತ್ತಿಗೆ ನಿಶ್ಚಯವಾಯಿತು. ಅಲ್ಲಿಯತನಕ ಅಕ್ಕತಂಗಿಯರಿಗೆ ಒಂದೇ ಕೋಣೆ, ಒಂದೇ ಅಡಕೆಲೆ ಚೀಲ. ನಗುವ ಸದ್ದು ಅಡುಗೆಮನೆಯವರೆಗೂ ಕೇಳುತ್ತದೆ.

ಈ ಬೆಳಿಗ್ಗೆ ಅಭ್ಯಾಸಬಲದಿಂದ ಫೋನು ತೆರೆದೆ. ಚುಕ್ಕಿ ಬಾಣವಾಗಿತ್ತು. ಮೂತಿಯನ್ನು ಇತ್ತ ಕಡೆಗೇ ತಿರುಗಿಸಿಕೊಂಡು, ಇಷ್ಟು ದಿನ ಇಲ್ಲದ ಅವಸರದಲ್ಲಿ ಬರುತ್ತಿತ್ತು. ಇಂಥ ಹಡಗಿಗೆ ಏನೆನ್ನಬೇಕು? ಬೇಕೆಂದಾಗ ನಿಲ್ಲುತ್ತದೆ, ಬೇಡವೆಂದಾಗ ಹೊರಡುತ್ತದೆ.

ಅವ್ವ ಚಹಾ ಲೋಟ ಹಿಡಿದು ಬಂದಳು. ಚಿಗವ್ವನಿದ್ದ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಹಡಗ ಹೊಂಟತೇನಪ್ಪಾ?” ಎಂದಳು.

ಫೋನನ್ನು ಅಂಗಿಯ ಜೇಬಿಗೆ ಸೇರಿಸಿ, “ಇಲ್ಲವ್ವ, ಇನ್ನಾ ಉಣ್ಣಾಕತ್ತಾರ” ಎಂದೆ.

“ಉಣ್ಣಲಿ ಬಿಡು ಪಾಪ” ಎಂದಳು ಅವ್ವ. “ಸಾವಕಾಶ ಉಣ್ಣಲಿ.”