ಪಾಸ್ತಾ ಮತ್ತು ಅವ್ವನ ಮುನಿಸು

ಐವತ್ತು ತುಂಬುವವರೆಗೆ ನನಗೂ ನಮ್ಮ ಅಡುಗೆಮನೆಗೂ ಇದ್ದ ಪರಿಚಯ ಬಂದುಹೋಗುವ ನೆಂಟನಿಗಿರುವಷ್ಟೇ. ಕುಡಿಯುವ ನೀರು ಎಲ್ಲಿದೆ, ಹುರಿದ ಶೇಂಗಾ ಯಾವ ಡಬ್ಬಿಯಲ್ಲಿದೆ ಎಂಬೆರಡು ಸಂಗತಿ ಗೊತ್ತಿದ್ದವು. ಮೂರನೆಯದನ್ನು ತಿಳಿಯಬೇಕಾದ ಪ್ರಸಂಗ ಬಂದಿರಲಿಲ್ಲ. ಅಂಥ ನಾನು ಈಗ ಹಸಿ ಬಟಾಣಿ ಎಷ್ಟು ಬೇಯಬೇಕೆಂಬ ವಿಷಯದಲ್ಲಿ ಖಚಿತ ಅಭಿಪ್ರಾಯ ಇರುವ ಮನುಷ್ಯ. ಕೇಳದವರಿಗೂ ಅದನ್ನು ಹೇಳುತ್ತೇನೆ. ಇದಕ್ಕೆಲ್ಲ ಕಾರಣ ಒಂದು ಪೊಟ್ಟಣ ಪಾಸ್ತಾ.

ಹೈದರಾಬಾದಿನಲ್ಲಿ ಆಗ ಕಂಪ್ಯೂಟರಿನ ಸುಗ್ಗಿ. ಕುಷಾಯಿಗೂಡದ ನಮ್ಮ ಓಣಿಯಲ್ಲೂ ದರ್ಜಿಯ ಅಂಗಡಿಯ ಮೇಲಿನ ಕೋಣೆಗೆ ಕಂಪ್ಯೂಟರ್ ಕಲಿಸುವ ಬೋರ್ಡು ಬಂದಿತ್ತು. ನಾನು ಹತ್ತಿರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯವನು, ಮಧ್ಯಾಹ್ನ ಎರಡಕ್ಕೆಲ್ಲ ಬಿಡುಗಡೆ. ಮಗಳು ವರಂಗಲ್ಲಿನ ಹಾಸ್ಟೆಲ್ಲಿಗೆ ಹೋದ ಮೇಲೆ ನನ್ನ ಹೆಂಡತಿ ವಿಜಯಾ ಒಂದು ದಿನ ಪೇಪರಿನಿಂದ ಜಾಹೀರಾತೊಂದನ್ನು ಕತ್ತರಿಸಿಟ್ಟಳು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಇಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡುವ ಕೆಲಸ. ಇಪ್ಪತ್ತು ವರ್ಷ ಟ್ರಂಕಿನಲ್ಲಿ ಮಲಗಿದ್ದ ಅವಳ ಇಂಗ್ಲಿಷ್ ಎಂ.ಎ. ಎದ್ದು ಕುಳಿತಿತು. ಪರೀಕ್ಷೆ ಬರೆದಳು, ಪಾಸಾದಳು, ಓಣಿಯ ತುದಿಗೆ ಎಂಟು ಗಂಟೆಗೆ ಬರುವ ಕಂಪನಿಯ ವ್ಯಾನು ಹತ್ತಿ ಹೋಗತೊಡಗಿದಳು. ಕಾಣದ ದೇಶದ ಮೊಣಕಾಲು ನೋವುಗಳ ಸುದ್ದಿ ನಮ್ಮ ಮನೆಗೆ ದಿನವೂ ಬರತೊಡಗಿತು.

ಮನೆಯಲ್ಲಿ ನಮ್ಮೊಡನೆ ನನ್ನ ಅವ್ವ. ರಾಯಚೂರು ಸೀಮೆಯವಳು, ವಯಸ್ಸು ಎಪ್ಪತ್ತರ ಹತ್ತಿರ. ಹಿಂದಿನ ವರ್ಷ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಅಂದಿನಿಂದ ಬೆಂಕಿ ಬೇಡ, ಒಗ್ಗರಣೆಯ ಘಾಟು ಬೇಡ ಎಂದು ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ವಿಜಯಾ ಬೆಳಿಗ್ಗೆ ರೊಟ್ಟಿ ಬಡಿದು ಪಲ್ಯ ಮಾಡಿಟ್ಟು ಹೋಗುತ್ತಿದ್ದಳು, ಸಂಜೆಯ ಅಡುಗೆ ನನ್ನ ಪಾಲಿಗೆ ಬಂತು. ಮೊದಲ ದಿನ ನಾನು ಮಾಡಿದ ಅನ್ನ ಸಾರನ್ನು ಅವ್ವ ದೂರದಿಂದಲೇ ನೋಡಿ, “ನನಗ ಹಸಿವಿಲ್ಲಪಾ” ಎಂದಳು. ಎರಡನೆಯ ದಿನವೂ ಹಸಿವಿಲ್ಲ, ಮೂರನೆಯ ದಿನವೂ ಇಲ್ಲ. ರಾತ್ರಿಗೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ; ಬೆಳಗಿನ ರೊಟ್ಟಿಯೂ ಅರ್ಧಕ್ಕೇ ನಿಲ್ಲತೊಡಗಿತು. ನನ್ನ ಸಾರಿನ ಯೋಗ್ಯತೆಗೆ ಇದು ತಕ್ಕ ತೀರ್ಪೇ ಎಂದು ನಾನು ಮೊದಲು ನಕ್ಕೆ. ಮೂರು ವಾರವಾದರೂ ತೀರ್ಪು ಬದಲಾಗದೆ, ಅವ್ವನ ಬಳೆಗಳು ಮೊಣಕೈಯತ್ತ ಜಾರತೊಡಗಿದಾಗ ನಗು ನಿಂತಿತು.

ವಿಜಯಾ ಒಂದು ಶುಕ್ರವಾರ ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದಳು. “ನಾ ಹೊರಗ ಹೋಗೋದು ಅತ್ತಿಯವರಿಗೆ ಸೇರವಲ್ದುರಿ. ಅವರನ್ನ ಉಪಾಸ ಕೆಡವಿ ನಾ ಏನ್ ದೊಡ್ಡ ನೌಕರಿ ಮಾಡ್ಲಿ? ಸೋಮವಾರ ಕೆಲಸ ಬಿಡ್ತೀನಂತ ಬರದು ಕೊಟ್ಟು ಬರ್ತೀನಿ.”

ನಾನು ಬೇಡ ಎಂದೆ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅವಳ ಪಕ್ಕದ ಕಂಪ್ಯೂಟರಿನಲ್ಲಿ ಕೂರುವ ಶ್ರಾವಣಿ ಎಂಬ ಹುಡುಗಿ ಕೊಟ್ಟದ್ದು. ನಮ್ಮವರು ಅಡುಗೆ ಮಾಡುತ್ತಾರೆಂದು ವಿಜಯಾ ಆಫೀಸಿನಲ್ಲಿ ಕೊಚ್ಚಿಕೊಂಡಿದ್ದಳಂತೆ. ಹಾಗಾದರೆ ಭಾನುವಾರ ಬರುತ್ತೇವೆ, ಅಂಕಲ್ ಪಾಸ್ತಾ ಮಾಡಲಿ ಎಂದು ಮೂವರು ಹುಡುಗಿಯರು ಹಟ ಹಿಡಿದಿದ್ದರು. “ಕಡೀ ಸಲ ಬಂದು ಹೋಗ್ಲಿ ಬಿಡ್ರಿ” ಎಂದಳು. ಹೆಂಡತಿ ಹೊರಗಡೆ ನನ್ನನ್ನು ಹೊಗಳಿದ್ದು ಅದೇ ಮೊದಲ ಸಲವಾದ್ದರಿಂದ, ಪಾಸ್ತಾ ಎಂದರೇನೆಂದು ಕೇಳದೆ ನಾನು ಒಪ್ಪಿಕೊಂಡೆ.

ಒಳಗೆ ಗೆರೆಗೆರೆಯ ಸಣ್ಣ ನಳಿಗೆಗಳಿದ್ದವು. ಪೊಟ್ಟಣದ ಬೆನ್ನ ಮೇಲೆ ವಿಧಾನ ಅಚ್ಚಾಗಿತ್ತು, ಆದರೆ ಅದು ಕೇಳಿದ ಸೊಪ್ಪುಗಳ ಹೆಸರುಗಳು ವಿಜಯಾಳ ಡಾಕ್ಟರುಗಳು ಬರೆಸುವ ಔಷಧಿಗಳ ಹಾಗಿದ್ದವು. ಇಟಲಿಗೆ ಈ ಪದಾರ್ಥ ಚೀನಾದಿಂದ ಬಂತೋ, ಅರಬರಿಂದ ಬಂತೋ, ಅಲ್ಲೇ ಹುಟ್ಟಿತೋ ಎಂದು ವಿದ್ವಾಂಸರು ವಾದ ಮಾಡುತ್ತಾರಂತೆ. ಅವರ ವಾದ ಮುಗಿಯುವವರೆಗೆ ಕಾಯಲು ನನಗೆ ಪುರುಸೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಚೀಲ ಹಿಡಿದು ರೈತು ಬಜಾರಿಗೆ ಹೋದೆ. ಸಂಕ್ರಾಂತಿಯ ಆಸುಪಾಸಿನ ದಿನಗಳು. ಚಳಿಗಾಲದ ತರಕಾರಿಗೆ ಒಂದು ಹರೆಯವಿರುತ್ತದೆ ನೋಡಿ, ಅದನ್ನು ಅಲ್ಲಿ ಕಂಡೆ. ಮುಟ್ಟಿದರೆ ಟಪ್ಪೆನ್ನುವ ಬಟಾಣಿ, ಮಣ್ಣು ಮೆತ್ತಿದ ಕೆಂಪು ಗಜ್ಜರಿ, ಹೊಳೆಯುವ ದೊಣ್ಣೆಮೆಣಸಿನಕಾಯಿ, ಬುಡ ಬೆಳ್ಳಗಿದ್ದು ತುದಿ ಹಸಿರಾದ ಉಳ್ಳಾಗಡ್ಡಿ ತಪ್ಪಲು, ಹುಳಿ ತುಂಬಿದ ನಾಟಿ ಟೊಮ್ಯಾಟೊ. ಪೊಟ್ಟಣದ ಮಾತು ಬಿಟ್ಟು ಈ ಗುಂಪಿನ ಮಾತು ಕೇಳೋಣವೆಂದು ಎಲ್ಲವನ್ನೂ ಕೊಂಡೆ.

ಹೆಚ್ಚುವ ಕೆಲಸ ಸಾಂಗವಾಗಿ ಮುಗಿಯಿತು, ಒಂದು ಬೆರಳನ್ನು ಹೊರತುಪಡಿಸಿ. ವಿಜಯಾ ಹೊರಗಿನ ಕೋಣೆಯಲ್ಲಿ ಹಾಸಿಗೆಯ ಚಾದರ ಬದಲಿಸುತ್ತಿದ್ದಳು. ಅವ್ವ ಅಡುಗೆಮನೆಯ ಹೊಸ್ತಿಲಾಚೆ ಕುರ್ಚಿಯಲ್ಲಿ ಗೋಡೆಯತ್ತ ಮುಖ ಮಾಡಿ ಕುಳಿತಿದ್ದಳು. ನೀರು ಕುದಿಯತೊಡಗಿದಾಗ ಗೋಡೆಯತ್ತಲೇ ಕೇಳಿದಳು.

“ನೀರಿಗೆ ಉಪ್ಪ ಹಾಕಿಯೇನು?”

ಹಾಕಿರಲಿಲ್ಲ. ಹಾಕಿದೆ. ಪಾಸ್ತಾ ಸುರಿದೆ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಅಂದಳು. “ತಳಾ ಹಿಡ್ಯಾಕತ್ತೈತಿ, ಸಪ್ಪಳ ಕೇಳವಲ್ದೇನು ನಿನಗ?”

ನನಗೆ ಕೇಳಿಸುತ್ತಿದ್ದುದು ಬರೀ ಕುದಿತ. ಸೌಟು ಹಾಕಿ ಕೆದಕಿದರೆ ನಿಜಕ್ಕೂ ತಳದಲ್ಲಿ ನಾಲ್ಕಾರು ಅಂಟಿಕೊಂಡಿದ್ದವು. ಬೆಂದಿತೋ ಇಲ್ಲವೋ ನೋಡಲು ಒಂದನ್ನು ಎತ್ತಿ ನಾಲಿಗೆ ಸುಟ್ಟುಕೊಂಡು ‘ಹಾ’ ಎಂದೆ. ಕುರ್ಚಿ ಸರಿದ ಸದ್ದಾಯಿತು. ಅವ್ವ ಪಕ್ಕದಲ್ಲಿ ನಿಂತಿದ್ದಳು. ಒಂದು ನಳಿಗೆ ತೆಗೆದು, ಊದಿ, ಎರಡು ಬೆರಳಲ್ಲಿ ಹಿಸುಕಿ ನೋಡಿದಳು.

“ಇದೇನು ಹೊಸಾದು? ನಮ್ಮ ಪಾಯಸದ ಪರಡಿ ಇದ್ಧಂಗ ಐತಿ. ನಾ ಮದುವಿ ಮನ್ಯಾಗ ಕಣಕ ಹಿಡದು ಬಾಚಣಿಕಿ ಮ್ಯಾಲ ಒತ್ತಿ ಒತ್ತಿ ಮಾಡೀನಿ. ಇನ್ನಷ್ಟು ಬಿಟ್ಟಿ ಅಂದ್ರ ಅಂಬಲಿ ಆಗತೈತಿ. ಇಳಸು.”

ಇಳಿಸಿದೆ, ಬಸಿದೆ. ಬಾಣಲೆಗೆ ಶೇಂಗಾ ಎಣ್ಣೆ ಹಾಕಲು ಹೋದಾಗ ಅವ್ವ ಕೈ ಚಾಚಿದಳು. ನಾನು ಅಭ್ಯಾಸಬಲದಿಂದ, “ಬ್ಯಾಡವ್ವ, ನಿನ್ನ ಕಣ್ಣು” ಎಂದೆ. ಅಷ್ಟು ಸಾಕಾಯಿತು.

“ಹೌದಪಾ, ನನ್ನ ಕಣ್ಣು! ಆಪ್ರೇಷನ್ ಮಾಡಿಸಿದ್ದು ಕಾಣ್ಲಿ ಅಂತೋ, ಮೂಲ್ಯಾಗ ಕುಂದ್ರಲಿ ಅಂತೋ? ಆಕಿ ನೌಕರಿ ಮಾಡ್ಲಿ, ಭಾಳ ಚಲೋ ಆತು. ನಾ ಯಾಕ ಬ್ಯಾಡ ಅನ್ಲಿ? ಆದ್ರ ಒಲಿ ಖಾಲಿ ಆದಾಗ ಮನ್ಯಾಗ ಒಬ್ಬಾಕಿ ಮುದುಕಿ ಅದಾಳ, ಆಕೀನ ಒಂದು ಮಾತ ಕೇಳೂಣು ಅಂತ ಇಬ್ಬರಿಗೂ ಅನಸಲಿಲ್ಲ. ಐವತ್ತು ವರ್ಸ ಅಡಿಗಿ ಮಾಡಿದಾಕಿನ್ನ ಬಿಟ್ಟು, ಉಪ್ಪು ಎಷ್ಟಂತ ಗೊತ್ತಿಲ್ಲದವನ ಕೈಯಾಗ ಸೌಟ ಕೊಟ್ರಿ!”

ಮೂರು ವಾರ ನಾವಿಬ್ಬರೂ ಅವಳಿಗೆ ಏನೇನೋ ಹಳೆಯ ಕಾಲದ ಹಟ ಅಂಟಿಸಿ ಕೂತಿದ್ದೆವು. ಅವಳಿಗೆ ಬೇಕಾಗಿದ್ದದ್ದು ನಾನು ಹಿಡಿದಿದ್ದ ಸೌಟು ಮಾತ್ರ. ಬಾಗಿಲಲ್ಲಿ ಚಾದರ ಹಿಡಿದು ನಿಂತಿದ್ದ ವಿಜಯಾ ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ನನ್ನ ಕೈಯಿಂದ ಸೌಟು ತೆಗೆದು ಅತ್ತೆಯ ಕೈಗಿಟ್ಟಳು. “ತಪ್ಪಾತ್ರಿ ಅತ್ತಿ” ಎಂದಳು. ಅವ್ವ, “ಬೆಳ್ಳುಳ್ಳಿ ಎಲ್ಲೈತಿ?” ಎಂದಳು. ನಮ್ಮ ಕಡೆ ಕ್ಷಮೆ ಸಿಗುವುದು ಹೀಗೇ.

ಆಮೇಲಿನದನ್ನು ನಾನು ಪ್ರೇಕ್ಷಕನಾಗಿ ಕಂಡೆ. ಬೆಳ್ಳುಳ್ಳಿ ಕೆಂಪಗಾದ ಮೇಲೆ ಉಳ್ಳಾಗಡ್ಡಿ ತಪ್ಪಲಿನ ಬಿಳಿ ಭಾಗ, ಗಜ್ಜರಿ, ಬಟಾಣಿ; ಅವು ಅರೆ ಬೆಂದಾಗ ದೊಣ್ಣೆಮೆಣಸು; ಕೊನೆಗೆ ಟೊಮ್ಯಾಟೊ. ತರಕಾರಿಯನ್ನು ಕೊಲ್ಲಬಾರದು, ಬರೀ ಬೆದರಿಸಬೇಕು ಎಂಬುದು ಅವ್ವನ ನೀತಿ. ಕುಟ್ಟಿದ ಮೆಣಸು, ನಿಂಬೆರಸ, ಮೇಲೆ ಹಸಿರು ತಪ್ಪಲು. ನಾನು ತಂದಿದ್ದ ಚೀಸನ್ನು ಅವ್ವ ಮೂಸಿ ನೋಡಿ, ಅದಕ್ಕೆ ಆರಾಮಿಲ್ಲ ಎಂಬಂತೆ ಪಕ್ಕಕ್ಕಿಟ್ಟಳು. ಅದರ ಬದಲು ತನ್ನ ಡಬ್ಬಿಯ ಗುರೆಳ್ಳು ಚಟ್ನಿಪುಡಿ ಉದುರಿಸಿದಳು. ಕೆಂಪು, ಹಸಿರು, ಬಿಳುಪಿನ ಮೇಲೆ ಕಪ್ಪು ಚುಕ್ಕೆ ಬಿದ್ದು ಬಾಣಲೆಗೆ ದೃಷ್ಟಿಬೊಟ್ಟು ಇಟ್ಟ ಹಾಗಾಯಿತು.

ಹುಡುಗಿಯರು ಬಂದರು. ನೆಲದ ಮೇಲೆ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂತೆವು. ಶ್ರಾವಣಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, “ಚಾಲಾ ಬಾಗುಂದಿ ಅಂಕಲ್!” ಎಂದು ರುಚಿಯನ್ನು ಹೊಗಳಿದಳು. ನಾನು ಅವ್ವನತ್ತ ಬೆರಳು ತೋರಿಸಿದೆ. ಆ ಕಪ್ಪು ಪುಡಿ ಏನೆಂದು ಹುಡುಗಿಯರು ತೆಲುಗಿನಲ್ಲಿ ಕೇಳಿದರು, ಅವ್ವ ಕನ್ನಡದಲ್ಲೇ ಹೇಳಿದಳು, ಎರಡೂ ಕಡೆಯವರಿಗೆ ಅರ್ಥವಾಯಿತು. ಎರಡನೆಯ ಸಲ ಬಡಿಸಿಕೊಂಡವರಲ್ಲಿ ಮೊದಲಿನವಳು ಅವ್ವ. ವಿಜಯಾ ಅದನ್ನು ನೋಡಿದಳು, ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಬಟಾಣಿಗಳನ್ನು ಒಂದೊಂದಾಗಿ ತಿಂದಳು. ಸೋಮವಾರ ಎಂಟು ಗಂಟೆಗೆ ಎಂದಿನಂತೆ ವ್ಯಾನು ಹತ್ತಿದಳು. ಬ್ಯಾಗಿನಲ್ಲಿ ಊಟದ ಡಬ್ಬಿ ಇತ್ತು, ಕೆಲಸ ಬಿಡುವ ಕಾಗದ ಇರಲಿಲ್ಲ.

ಅಂದಿನಿಂದ ಅಡುಗೆಮನೆಯಲ್ಲಿ ನನಗೆ ಹಿಂಬಡ್ತಿಯಾಯಿತು. ಹೆಚ್ಚುವುದು, ತೊಳೆಯುವುದು, ಭಾರವಾದ ಪಾತ್ರೆ ಇಳಿಸುವುದು ನನ್ನ ಕೆಲಸ, ಒಲೆ ಅವ್ವನದು. ತಿಂಗಳೊಪ್ಪತ್ತಿನಲ್ಲಿ ಬಳೆಗಳು ಮಣಿಕಟ್ಟಿಗೆ ಮರಳಿದವು. ವಾರಕ್ಕೊಮ್ಮೆ ಪಾಸ್ತಾ, ಯಾವ ತರಕಾರಿಯ ಕಾಲವೋ ಅದರದೇ.

ಬೇಸಗೆಯಲ್ಲಿ ಅವ್ವ ಊರಿಗೆ ಹೋಗುವವರ ಕೈಯಲ್ಲಿ ತನ್ನ ತಂಗಿಗೆ ಎರಡು ಪೊಟ್ಟಣ ಕಳಿಸಿದಳು. ಎಂಟು ದಿನಕ್ಕೆ ಚಿಕ್ಕವ್ವನ ಫೋನು ಬಂತು. ಹಾಲು ಬೆಲ್ಲ ಹಾಕಿ ಪಾಯಸ ಮಾಡಿದ್ದಳಂತೆ, ಮನೆಮಂದಿಯೆಲ್ಲ ಕುಡಿದು ಹೊಗಳಿದ್ದರಂತೆ. ಅವ್ವ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಅದನ್ನೇ ದುರುಗುಟ್ಟಿ ನೋಡಿದಳು.

“ಹುಚ್ಚಿ, ಪಾಸ್ತಾಕ್ಕ ಯಾರರೆ ಬೆಲ್ಲಾ ಹಾಕ್ತಾರೇನು? ಮೊದಲಿಂದ ನಡಕೊಂಡು ಬಂದ ಪದ್ಧತಿ ಅಂತ ಒಂದಿರತೈತಿ. ಗುರೆಳ್ಳು ಪುಡಿನ ಹಾಕಬೇಕು!”